ಹಾಲಿಡೇ ಕ್ಲಬ್ ಮೆಂಬರ್‌ಶಿಪ್ ತಗೊಳ್ಳಬೇಕಾ? ಸಹಿ ಹಾಕುವ ಮುಂಚೆ ಮನೆಯಲ್ಲೇ ಮಾಡುವ ಲೆಕ್ಕ

ಮಾಲ್‌ನಲ್ಲಿ ಚೀಟಿ ಬರೆದು ಡಬ್ಬಕ್ಕೆ ಹಾಕಿದವರಿಗೆ, ಪೆಟ್ರೋಲ್ ಬಂಕ್‌ನಲ್ಲಿ ಫೋನ್ ನಂಬರ್ ಕೊಟ್ಟವರಿಗೆ ಈ ಕರೆ ಬಂದೇ ಬರುತ್ತದೆ. "ಸರ್, ನಿಮಗೆ ಮೂರು ದಿನ ಎರಡು ರಾತ್ರಿ ಫ್ರೀ ಸ್ಟೇ ಬಂದಿದೆ. ಭಾನುವಾರ ಮೇಡಂ ಜೊತೆ ಬಂದು ವೋಚರ್ ತಗೊಂಡು ಹೋಗಿ." ಹೋದರೆ ವೋಚರ್ ಸಿಗುತ್ತದೆ, ಸುಳ್ಳಲ್ಲ. ಅದರ ಹಿಂದೆಯೇ 25 ವರ್ಷದ ಒಪ್ಪಂದವೂ ಮೇಜಿನ ಮೇಲೆ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ತಪ್ಪದೆ, ಮಕ್ಕಳ ರಜೆಯಲ್ಲೇ, ದೊಡ್ಡ ರಿಸಾರ್ಟ್‌ನಲ್ಲಿ ಐದಾರು ರಾತ್ರಿ ಉಳಿಯುವ ಅಭ್ಯಾಸ ಈಗಾಗಲೇ ಇರುವ ಮನೆಗೆ ಇದು ಹೊಂದಬಹುದು. 'ಮೆಂಬರ್‌ಶಿಪ್ ಇದ್ದರೆ ಆ ನೆಪದಲ್ಲಾದರೂ ಹೋಗುತ್ತೇವೆ' ಅನ್ನುವವರಿಗೆ ಬೇಡವೇ ಬೇಡ. ನೀವು ಇವೆರಡರಲ್ಲಿ ಯಾವ ಗುಂಪು ಅನ್ನುವುದು ವೋಚರ್ ಕೊಡಲು ಕರೆಯುವ ಆ ಹಾಲ್‌ನಲ್ಲಿ ಗೊತ್ತಾಗುವುದಿಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಮೊದಲು: ಕೊಳ್ಳುತ್ತಿರುವುದು ಏನು ಅಂತ ತಿಳ್ಕೊಳ್ಳಿ

ಟೈಮ್‌ಶೇರ್, ವೆಕೇಷನ್ ಓನರ್‌ಶಿಪ್, ಹಾಲಿಡೇ ಕ್ಲಬ್. ಹೆಸರು ಯಾವುದಾದರೂ ಇರಲಿ, ನಮ್ಮಲ್ಲಿ ಮಾರಾಟವಾಗುವುದು ಹೆಚ್ಚುಕಮ್ಮಿ ಒಂದೇ ವಸ್ತು. ವರ್ಷಕ್ಕೆ ಆರೇಳು ರಾತ್ರಿ ಆ ಕಂಪನಿಯ ರಿಸಾರ್ಟ್‌ಗಳಲ್ಲಿ ಉಳಿಯುವ ಹಕ್ಕು. ಅವಧಿ 10 ವರ್ಷ ಇರಬಹುದು, 25 ಇರಬಹುದು. ದುಡ್ಡು ಮಾತ್ರ ಮುಂಗಡ. ಭಾರತದಲ್ಲಿ ಈ ವ್ಯಾಪಾರ ಎಂಬತ್ತರ ದಶಕದ್ದು. ಚೆನ್ನೈನ ಸ್ಟರ್ಲಿಂಗ್ ಶುರುವಾದದ್ದು 1986ರಲ್ಲಿ, ಕ್ಲಬ್ ಮಹೀಂದ್ರಾ ನಡೆಸುವ ಮಹೀಂದ್ರಾ ಹಾಲಿಡೇಸ್ 1996ರಲ್ಲಿ. ಹಿಂದೆ ಇಂಥ ರಿಸಾರ್ಟ್, ವರ್ಷದ ಇಂಥ ವಾರ ಅಂತ ನಿಗದಿ ಮಾಡಿ ಮಾರುತ್ತಿದ್ದರು. ಈಗ ಸೀಸನ್ ಲೆಕ್ಕ, ಅಥವಾ ವರ್ಷಕ್ಕೆ ಇಷ್ಟು ಅಂತ ಸಿಗುವ ಪಾಯಿಂಟ್ ಖರ್ಚು ಮಾಡಿ ರೂಮ್ ಪಡೆಯುವ ಲೆಕ್ಕ. ಯಾವ ರಿಸಾರ್ಟ್‌ಗೆ ಬೇಕಾದರೂ ಹೋಗಬಹುದು. ರೂಮ್ ಖಾಲಿ ಇದ್ದರೆ!

ಮಾರುವವರು 'ಓನರ್' ಅನ್ನುವ ಪದವನ್ನು ತುಂಬಾ ಧಾರಾಳವಾಗಿ ಬಳಸುತ್ತಾರೆ. "ಕೂರ್ಗ್‌ನಲ್ಲಿ ನಿಮ್ಮದೇ ಒಂದು ಮನೆ ಇದ್ದ ಹಾಗೆ ಸರ್." ಹಾಗಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಆಗುವುದಿಲ್ಲ. ಖಾತಾ ಇಲ್ಲ, ಇಸಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಇದನ್ನು ಅಡ ಇಟ್ಟು ಬ್ಯಾಂಕಿನಲ್ಲಿ ಸಾಲ ಕೇಳಿದರೆ ಮ್ಯಾನೇಜರ್ ನಗುತ್ತಾರೆ. ಅವಧಿ ಮುಗಿದ ದಿನ ಅದರ ಬೆಲೆ ಸೊನ್ನೆ. 25 ವರ್ಷಕ್ಕಾಗುವಷ್ಟು ಊಟದ ಕೂಪನ್ ಒಂದೇ ದಿನ ದುಡ್ಡು ಕೊಟ್ಟು ತಗೊಂಡ ಹಾಗೆ. ಹೋಟೆಲ್ ಚೆನ್ನಾಗಿ ನಡೆಯುತ್ತಿರಬೇಕು, ನಿಮಗೂ ಹಸಿವಾಗುತ್ತಿರಬೇಕು.

ಇಲ್ಲೇ ಇನ್ನೊಂದು ಮಾತು. "ನೀವು ರೂಮ್ ಬಳಸದಿದ್ದರೆ ಇಷ್ಟು ವರ್ಷದ ನಂತರ ಇಷ್ಟು ದುಡ್ಡು ವಾಪಸ್" ಅಂತ ಯಾರಾದರೂ ಹೇಳಿದರೆ ಮುಂದಕ್ಕೆ ಕೇಳಬೇಡಿ, ಎದ್ದು ಬನ್ನಿ. ಜನರಿಂದ ದುಡ್ಡು ಸೇರಿಸಿ ಲಾಭದ ಆಸೆ ತೋರಿಸುವ ಇಂಥ ಸ್ಕೀಮ್‌ಗಳಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನೋಂದಣಿ ಬೇಕು. ಪ್ಯಾನ್‌ಕಾರ್ಡ್ ಕ್ಲಬ್ಸ್ ಅನ್ನುವ ಕಂಪನಿ ಹೋಟೆಲ್ ರೂಮಿನ ರಾತ್ರಿಗಳನ್ನು ಮಾರುವ ಹೆಸರಿನಲ್ಲಿ ಹೀಗೇ ಹಣ ಸೇರಿಸಿತ್ತು. 2016ರ ಫೆಬ್ರವರಿಯಲ್ಲಿ ಸೆಬಿ ಅದಕ್ಕೆ 7,000 ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ಜನರಿಗೆ ಹಿಂದಿರುಗಿಸಲು ಆದೇಶ ಕೊಟ್ಟಿತು. ಆದೇಶ ಬಂದ ಮಾತ್ರಕ್ಕೆ ಎಲ್ಲರ ಕೈಗೂ ದುಡ್ಡು ಬಂದುಬಿಡುವುದಿಲ್ಲ ಅಂತ ಬೇರೆ ಹೇಳಬೇಕಾ? ರಜೆ ಕಳೆಯಲು ರೂಮ್ ಮಾರುವುದು ಒಂದು ವ್ಯಾಪಾರ. ರೂಮ್ ತೋರಿಸಿ ಹೂಡಿಕೆ ಕೇಳುವುದು ಬೇರೆಯೇ ಆಟ.

ಎರಡನೆಯದು: ಕಳೆದ ಐದು ವರ್ಷ ಎಲ್ಲೆಲ್ಲಿ ಮಲಗಿದಿರಿ, ಬರೆಯಿರಿ

ಇದಕ್ಕೆ ಅರ್ಧ ಗಂಟೆ ಸಾಕು. ಫೋನಿನ ಫೋಟೋಗಳನ್ನು ತಾರೀಖಿನ ಪ್ರಕಾರ ಹಿಂದಕ್ಕೆ ತಳ್ಳುತ್ತಾ ಹೋಗಿ. ಮನೆ ಬಿಟ್ಟು ಹೊರಗೆ ಮಲಗಿದ ಪ್ರತಿ ರಾತ್ರಿಯನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಎಲ್ಲಿ ಅಂತ ಹಾಕಿ.

ನಮ್ಮ ಮನೆಗಳ ರಜೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಅಜ್ಜಿ ಮನೆ. ನಡುವೆ ಎರಡು ಮದುವೆ, ಒಂದು ಗೃಹಪ್ರವೇಶ. ಮನೆದೇವರಿಗೆ ಒಂದು ಸಲ. ಧರ್ಮಸ್ಥಳ, ಕುಕ್ಕೆ, ಇಲ್ಲಾ ತಿರುಪತಿ, ಅಲ್ಲಿ ದೇವಸ್ಥಾನದ ವಸತಿಗೃಹದಲ್ಲೇ ರೂಮು. ದಸರಾಕ್ಕೆ ಮೈಸೂರಿನ ಅತ್ತೆ ಮನೆ. ಇದೆಲ್ಲ ಕಳೆದ ಮೇಲೆ ರಿಸಾರ್ಟ್‌ನಲ್ಲೋ ಹೋಮ್‌ಸ್ಟೇನಲ್ಲೋ ದುಡ್ಡು ಕೊಟ್ಟು ಉಳಿದ ರಾತ್ರಿ ಎಷ್ಟು? ಆ ಸಂಖ್ಯೆಯನ್ನು ಐದರಿಂದ ಭಾಗಿಸಿ. ವರ್ಷಕ್ಕೆ ಐದಕ್ಕಿಂತ ಕಮ್ಮಿ ಬಂದರೆ ನಿಮ್ಮ ಉತ್ತರ ಹೆಚ್ಚುಕಮ್ಮಿ ಸಿಕ್ಕಿತು.

ಹಿಂದಿನದಾಯಿತು, ಮುಂದಿನದನ್ನೂ ನೋಡಿ. ಈಗ ಮಗುವಿಗೆ ಐದು ವರ್ಷ ಅಂದುಕೊಳ್ಳಿ. ಹತ್ತು ವರ್ಷ ಕಳೆದರೆ ಎಸ್ಸೆಸ್ಸೆಲ್ಸಿ. ಆಮೇಲೆ ಪಿಯುಸಿ, ಸಿಇಟಿ, ನೀಟ್. ಆ ಮೂರು ವರ್ಷ ಮನೆಯಲ್ಲಿ ಟಿವಿ ಹಾಕುವುದಕ್ಕೂ ಯೋಚನೆ ಮಾಡುತ್ತೇವೆ, ಪ್ರವಾಸದ ಮಾತೆಲ್ಲಿ? ನಂತರ ಮಗ ಹಾಸ್ಟೆಲ್‌ಗೆ ಹೋಗಿರುತ್ತಾನೆ. ಅಷ್ಟರಲ್ಲಿ ನಿಮ್ಮ ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗಿರುತ್ತದೆ. 25 ವರ್ಷದ ಒಪ್ಪಂದದಲ್ಲಿ ಇಡೀ ಸಂಸಾರ ಒಟ್ಟಿಗೆ ಹೋಗಬಲ್ಲ ವರ್ಷಗಳು ಹನ್ನೆರಡೋ ಹದಿನೈದೋ. ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ತಳ್ಳಬಹುದು ಅನ್ನುತ್ತಾರೆ. ತಳ್ಳಬಹುದು, ಆದರೆ ಅದಕ್ಕೂ ಮಿತಿ ಇರುತ್ತದೆ. ಮತ್ತೆ ಎರಡು ವರ್ಷದ್ದು ಸೇರಿ ಆಗುವ ಆ 14 ರಾತ್ರಿಗೆ ಆಫೀಸಿನಲ್ಲಿ ರಜೆ ಯಾರು ಕೊಡುತ್ತಾರೆ?

ಮೂರನೆಯದು: ಒಂದು ರಾತ್ರಿಗೆ ನಿಜವಾಗಿ ಎಷ್ಟು ಬೀಳುತ್ತದೆ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ಇಡೀ ವಿಷಯದ ಜೀವ ಇಲ್ಲಿದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ತಗೊಳ್ಳುತ್ತೇನೆ. ಮೆಂಬರ್‌ಶಿಪ್ 5 ಲಕ್ಷ, 25 ವರ್ಷ, ವರ್ಷಕ್ಕೆ 7 ರಾತ್ರಿ. ವಾರ್ಷಿಕ ಶುಲ್ಕ 20,000. ನಿಮಗೆ ಹೇಳಿದ ಅಂಕಿಗಳನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ.

ಮಾರುವವರು ಹಾಕುವ ಲೆಕ್ಕ ಹೀಗೆ. 25 ವರ್ಷಕ್ಕೆ 175 ರಾತ್ರಿ. 5 ಲಕ್ಷವನ್ನು 175ರಿಂದ ಭಾಗಿಸಿದರೆ 2,857 ರೂಪಾಯಿ. "ಇಂಥ ರಿಸಾರ್ಟ್‌ನಲ್ಲಿ ಒಂದು ರಾತ್ರಿಗೆ ಮೂರು ಸಾವಿರವೂ ಬೀಳಲ್ಲ ಸರ್, ಅದೂ ಮುಂದಿನ 25 ವರ್ಷ!" ಕೇಳಲು ತುಂಬಾ ಚೆನ್ನಾಗಿದೆ.

ಈಗ ನಮ್ಮ ಲೆಕ್ಕ. ಮೊದಲು ಜಿಎಸ್‌ಟಿ ಶೇ 18 ಸೇರಿಸಿ. 5 ಲಕ್ಷ 5,90,000 ಆಯಿತು. ಇದೇ ಹಣವನ್ನು ಶೇ 7ರ ಬಡ್ಡಿಗೆ ಎಫ್‌ಡಿ ಇಟ್ಟಿದ್ದರೆ ವರ್ಷಕ್ಕೆ 41,300 ರೂಪಾಯಿ ಬರುತ್ತಿತ್ತು. ಅದನ್ನು ಕಳೆದುಕೊಂಡಿರಿ ಅಲ್ವಾ, ಅದೂ ಖರ್ಚೇ. ವಾರ್ಷಿಕ ಶುಲ್ಕಕ್ಕೂ ಶೇ 18 ಸೇರಿಸಿ, 23,600. ಎರಡೂ ಕೂಡಿದರೆ 64,900. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 9,271. ಬಡ್ಡಿಗೆ ತೆರಿಗೆ ಕಟ್ಟಬೇಕಲ್ಲ ಅಂತ ಯಾರಾದರೂ ಕೇಳಬಹುದು, ಸರಿಯಾದ ಪ್ರಶ್ನೆಯೇ. ಶೇ 20ರ ಸ್ಲ್ಯಾಬ್‌ನಲ್ಲಿ ಇರುವವರಿಗೆ ಇದು ಸುಮಾರು 8,100ಕ್ಕೆ ಇಳಿಯುತ್ತದೆ. ಆದರೆ ಎಫ್‌ಡಿಯಲ್ಲಿ ಕೊನೆಗೆ ಅಸಲು 5.9 ಲಕ್ಷ ಕೈಯಲ್ಲಿರುತ್ತದೆ. ಇಲ್ಲಿ ಅದೂ ಇರುವುದಿಲ್ಲ. ಅದನ್ನೂ ಸೇರಿಸಿದರೆ ಬೆಲೆ ಇನ್ನೂ ಏರುತ್ತದೆ.

2,857 ಎಲ್ಲಿ, 9,271 ಎಲ್ಲಿ! ಇನ್ನು ಐದು ವರ್ಷದಲ್ಲಿ ಎರಡು ವರ್ಷ ಹೋಗಲಾಗಲಿಲ್ಲ, ಆ ರಾತ್ರಿಗಳು ಹಾಳಾದವು ಅಂದರೆ ಉಳಿದ ರಾತ್ರಿಗಳ ಬೆಲೆ 15,000 ದಾಟುತ್ತದೆ.

ವಾರ್ಷಿಕ ಶುಲ್ಕವನ್ನು ಕೆಲವರು ಎಎಸ್‌ಎಫ್ ಅನ್ನುತ್ತಾರೆ, ಕೆಲವರು ಎಎಂಸಿ ಅನ್ನುತ್ತಾರೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಕಟ್ಟದಿದ್ದರೆ ಬುಕಿಂಗ್ ಸಿಗುವುದಿಲ್ಲ, ಬಾಕಿಗೆ ಬಡ್ಡಿ ಸೇರುತ್ತದೆ. ಇದು ವರ್ಷ ವರ್ಷ ಏರುತ್ತದೆ ಕೂಡ. ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ಎರಡರಷ್ಟು. ನಮ್ಮ ಉದಾಹರಣೆಯ 23,600, ಇಪ್ಪತ್ತೈದನೇ ವರ್ಷಕ್ಕೆ 95,000 ದಾಟುತ್ತದೆ. ಎಲ್ಲ ವರ್ಷಗಳದ್ದೂ ಕೂಡಿಸಿದರೆ ಸುಮಾರು 13 ಲಕ್ಷ. ಮೆಂಬರ್‌ಶಿಪ್‌ಗೆ ಕೊಟ್ಟದ್ದರ ಎರಡರಷ್ಟಕ್ಕಿಂತ ಜಾಸ್ತಿ. ಹಾಲ್‌ನಲ್ಲಿ ಎಲ್ಲರೂ ಚೌಕಾಸಿ ಮಾಡುವುದು 5 ಲಕ್ಷದ ಬಗ್ಗೆ. ಈ 13 ಲಕ್ಷದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಇಎಂಐ ಮಾಡಿದರೆ ಇನ್ನೊಂದು ಪದರ. 5 ಲಕ್ಷಕ್ಕೆ ಶೇ 15ರ ಬಡ್ಡಿ, 48 ಕಂತು ಅಂದರೆ ತಿಂಗಳಿಗೆ 13,900 ರೂಪಾಯಿಗೂ ಸ್ವಲ್ಪ ಮೇಲೆ. ಬಡ್ಡಿಯೇ 1.68 ಲಕ್ಷ ಆಯಿತು. ಸಾಲ ಮಾಡಿ ರಜೆಯನ್ನು ಮುಂಗಡವಾಗಿ ಕೊಳ್ಳುವುದು ನನ್ನ ತಲೆಗಂತೂ ಹೋಗುವುದಿಲ್ಲ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ರೂಮಿನ ಬಾಡಿಗೆ ಮುಂದೆ ಏರುವುದು ನಿಜ. ನಮ್ಮ 64,900ರಲ್ಲಿ ಬಡ್ಡಿಯ ಭಾಗ ಏರುವುದಿಲ್ಲ, ಶುಲ್ಕದ ಭಾಗ ಮಾತ್ರ ಏರುತ್ತದೆ. ಹಾಗಾಗಿ ಪೂರ್ತಿ ಏಳು ರಾತ್ರಿಯನ್ನೂ, ಅದೂ ಕ್ರಿಸ್‌ಮಸ್ಸು, ದಸರಾದಂಥ ದುಬಾರಿ ದಿನಗಳಲ್ಲೇ ಬಳಸುವವರಿಗೆ ಹತ್ತು ವರ್ಷದ ನಂತರ ಇದು ಅಗ್ಗ ಅನ್ನಿಸಬಹುದು. ಷರತ್ತು 'ಪೂರ್ತಿ' ಅನ್ನುವುದರಲ್ಲಿದೆ.

ಈಗ ಎದುರು ಬೆಲೆ ನೋಡಿ. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ನಿಮಗೆ ಹಿಡಿಸುವ ಎರಡು ಹೋಮ್‌ಸ್ಟೇ, ಒಂದು ರಿಸಾರ್ಟ್‌ಗೆ ಫೋನ್ ಮಾಡಿ ರೇಟ್ ಕೇಳಿ. ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಊಟ ತಿಂಡಿ ಸೇರಿಸಿಯೇ ಹೇಳುತ್ತಾರೆ. ಮೆಂಬರ್‌ಶಿಪ್‌ನಲ್ಲಿ ಊಟ ಬೇರೆ. ಬೆಟ್ಟದ ಮೇಲಿನ ರಿಸಾರ್ಟ್‌ನಿಂದ ಪೇಟೆಗೆ ಇಳಿದು ಇಡ್ಲಿ ತಿಂದು ಬರುವುದು ದಿನಾ ಆಗುವ ಕೆಲಸವಲ್ಲ, ಅಲ್ಲಿನ ಬಫೆಗೇ ದುಡ್ಡು ಹೋಗುತ್ತದೆ. ನಾಲ್ಕು ಜನರ ಆರು ದಿನದ ಊಟವನ್ನು ಲೆಕ್ಕಕ್ಕೆ ಹಾಕಿ. ತೆರಿಗೆಯಲ್ಲೂ ವ್ಯತ್ಯಾಸ ಇದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಮೆಂಬರ್‌ಶಿಪ್‌ಗೆ ಕೊಡುವುದು ಶೇ 18.

ನಾಲ್ಕನೆಯದು: ನಿಮಗೆ ಬೇಕಾದ ದಿನ ರೂಮ್ ಸಿಗುತ್ತದಾ?

ಮೆಂಬರ್‌ಶಿಪ್‌ನಲ್ಲಿ ದರ್ಜೆಗಳಿರುತ್ತವೆ. ಕ್ಲಬ್ ಮಹೀಂದ್ರಾದ ಹಾಗೆ ಬಣ್ಣದ ಹೆಸರಿಟ್ಟಿರಬಹುದು. ಅಲ್ಲಿ ಪರ್ಪಲ್ ಎಲ್ಲಕ್ಕಿಂತ ಮೇಲಿನದು, ಆಮೇಲೆ ರೆಡ್, ವೈಟ್, ಬ್ಲೂ. ಮೇಲಿನ ದರ್ಜೆಯವರು ಎಲ್ಲ ಸೀಸನ್‌ನಲ್ಲೂ ಹೋಗಬಹುದು. ಕೆಳಗಿನ ದರ್ಜೆಯವರಿಗೆ ಜನ ಕಮ್ಮಿ ಇರುವ ದಿನಗಳು. ಬೆಲೆ ಕಮ್ಮಿ ಅಂತ ಕೆಳಗಿನದನ್ನು ಕೊಂಡವರ ಮನೆಯಲ್ಲಿ ಮಕ್ಕಳಿದ್ದರೆ ಕಥೆ ಮುಗಿಯಿತು. ನಮ್ಮ ಶಾಲೆಗಳ ರಜೆ ಏಪ್ರಿಲ್, ಮೇ, ದಸರಾ, ಕ್ರಿಸ್‌ಮಸ್. ಅವೇ ದಿನಗಳು ಅವರಿಗೆ ಪೀಕ್ ಸೀಸನ್. ಜುಲೈಯಲ್ಲಿ ಮಡಿಕೇರಿಯಲ್ಲಿ ರೂಮ್ ಸಿಗುತ್ತದೆ ನಿಜ, ಜೊತೆಗೆ ಜಿಗಣೆ, ಬಿಡದ ಮಳೆ, ಮಗುವಿನ ಯೂನಿಟ್ ಟೆಸ್ಟ್. (ಮಕ್ಕಳ ಶಾಲೆಯ ಗೋಜಿಲ್ಲದ ನಿವೃತ್ತ ದಂಪತಿಗೆ ಇದೇ ಸರಿಯಾದ ಕಾಲ. ಮಲೆನಾಡಿನ ಮಳೆ ನೋಡುವುದಕ್ಕೇ ಹೋಗುವವರೂ ಇದ್ದಾರೆ.)

ರೂಮಿನ ಅಳತೆಗೂ ಹೀಗೇ ದರ್ಜೆ. ಸ್ಟುಡಿಯೋ ಅಂದರೆ ಒಂದೇ ಕೋಣೆ. ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗುವ ಆಸೆ ಇದ್ದರೆ ಅದು ಸಾಲದು, ಹೆಚ್ಚುವರಿ ಕೊಡಬೇಕಾಗುತ್ತದೆ.

ಪರೀಕ್ಷೆ ಮಾಡಲು ಒಂದೇ ಒಂದು ದಾರಿ ಇದೆ. ಪರಿಚಯದವರಲ್ಲಿ ಯಾರಾದರೂ ಅದೇ ಕ್ಲಬ್‌ನ ಮೆಂಬರ್ ಇದ್ದರೆ ಅವರ ಲಾಗಿನ್‌ನಲ್ಲಿ ಕೂತು ಹುಡುಕಿ. ಬರುವ ದಸರಾ ವಾರ, ಮಡಿಕೇರಿ. ಮುಂದಿನ ಮೇ ಎರಡನೇ ವಾರ, ಊಟಿ ಅಥವಾ ಮುನ್ನಾರ್. ಡಿಸೆಂಬರ್ ಕೊನೆ, ಗೋವಾ. ಎಷ್ಟು ತಿಂಗಳು ಮೊದಲು ಬುಕಿಂಗ್ ತೆರೆಯುತ್ತದೆ, ಎಷ್ಟು ದಿನದಲ್ಲಿ ತುಂಬುತ್ತದೆ ಅಂತ ಆ ಮೆಂಬರ್‌ಗೇ ಕೇಳಿ. ಮೂರು ಜನರನ್ನು ಕೇಳಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪರಿಚಯದವರು ಇಲ್ಲದಿದ್ದರೆ ಮಾರುವವರ ಕಂಪ್ಯೂಟರ್‌ನಲ್ಲೇ ತೋರಿಸಿ ಅನ್ನಿ. "ಸಿಸ್ಟಮ್ ಇವತ್ತು ಡೌನ್ ಇದೆ ಮೇಡಂ" ಅಂದರೆ ನಿಮ್ಮ ನಿರ್ಧಾರವನ್ನೂ ಸಿಸ್ಟಮ್ ಸರಿಯಾಗುವ ದಿನಕ್ಕೆ ಇಟ್ಟುಕೊಳ್ಳಿ.

ವಿದೇಶದ ಆಸೆಯನ್ನೂ ತೋರಿಸುತ್ತಾರೆ. ಆರ್‌ಸಿಐ 1974ರಲ್ಲಿ ಅಮೆರಿಕದಲ್ಲಿ ಶುರುವಾದ ವಿನಿಮಯ ಸಂಸ್ಥೆ. ನಿಮ್ಮ ವಾರವನ್ನು ಅಲ್ಲಿ ಜಮಾ ಮಾಡಿ ಬೇರೆ ದೇಶದ ರಿಸಾರ್ಟ್‌ನಲ್ಲಿ ಒಂದು ವಾರ ಕೇಳಬಹುದು. ವ್ಯವಸ್ಥೆ ನಿಜವಾದದ್ದೇ. ಆದರೆ ಪ್ರತಿ ವಿನಿಮಯಕ್ಕೂ ಶುಲ್ಕ ಇದೆ, ನೀವು ಜಮಾ ಮಾಡಿದ ವಾರಕ್ಕೆ ಬೇಡಿಕೆ ಎಷ್ಟಿದೆ ಅನ್ನುವುದರ ಮೇಲೆ ನಿಮಗೆ ಸಿಗುವ ವಾರ ನಿಂತಿದೆ. ಕೆಳಗಿನ ದರ್ಜೆಯ ವಾರ ಕೊಟ್ಟು ಬೇಸಿಗೆಯ ಸ್ವಿಟ್ಜರ್ಲೆಂಡ್ ಕೇಳಿದರೆ ಕಾಯುತ್ತಲೇ ಇರಬೇಕು.

ಐದನೆಯದು: ಹಾಲ್‌ಗೆ ಹೋಗಲೇಬೇಕು ಅಂತಿದ್ದರೆ

ಹೋಗಿ, ತಪ್ಪಿಲ್ಲ. ಎಟಿಎಂ ಕಾರ್ಡು, ಕ್ರೆಡಿಟ್ ಕಾರ್ಡು ಎರಡನ್ನೂ ಮನೆಯಲ್ಲಿ ಬಿಟ್ಟು ಹೋಗಿ. ಫೋನಿನ ಯುಪಿಐ ಮಿತಿ ಇಳಿಸಿ.

ನನ್ನ ಭಾವನ ಜೊತೆ ಅಂಥ ಒಂದು ಹಾಲ್‌ನಲ್ಲಿ ಕೂತಿದ್ದೆ. ಚಿಕ್ಕ ಚಿಕ್ಕ ದುಂಡು ಮೇಜು, ಪ್ರತಿ ಮೇಜಿಗೂ ಒಂದು ಜೋಡಿ, ಕಂಪನಿಯ ಒಬ್ಬ ಹುಡುಗ. ಮಕ್ಕಳಿಗೆ ಮೂಲೆಯಲ್ಲಿ ಬಣ್ಣದ ಪೆನ್ಸಿಲು. ಹಾಡು ಎಷ್ಟು ಜೋರು ಅಂದರೆ ಗಂಡ ಹೆಂಡತಿ ಮೆತ್ತಗೆ ಮಾತಾಡಿಕೊಳ್ಳಲು ಆಗುವುದಿಲ್ಲ. ಹುಡುಗ ಒಳ್ಳೆಯವನು, ಊರು ಯಾವುದು, ಮಕ್ಕಳೆಷ್ಟು ಅಂತ ಆರಾಮಾಗಿ ಮಾತು ಶುರು ಮಾಡಿದ. ಆಮೇಲೆ ಒಂದು ಬಿಳಿ ಹಾಳೆ ತೆಗೆದು, "ವರ್ಷಕ್ಕೆ ಪ್ರವಾಸಕ್ಕೆ ಎಷ್ಟು ಖರ್ಚಾಗುತ್ತೆ ಸರ್?" ಅಂದ. ಭಾವ ಒಂದು ಅಂಕಿ ಹೇಳಿದರು. ಅವನು ಅದನ್ನು ಬರೆದು, ವರ್ಷಕ್ಕೆ ಶೇ 10ರಂತೆ ಏರಿಸುತ್ತಾ ಹೋಗಿ, ಕೆಳಗೆ ಎಷ್ಟೋ ಲಕ್ಷ ಬರೆದು ಎರಡು ಗೆರೆ ಎಳೆದ. ಪಕ್ಕದಲ್ಲಿ ಮೆಂಬರ್‌ಶಿಪ್ ಬೆಲೆ. ಅದನ್ನು ಮಾತ್ರ ಏರಿಸಲೇ ಇಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಯಾರೋ ಸೇರಿದರು ಅಂತ ಎಲ್ಲರೂ ಚಪ್ಪಾಳೆ ಹೊಡೆದರು.

ಭಾವ ಕೇಳಿದ್ದು ಒಂದೇ ಮಾತು. "ಈ ಹಾಳೆ ನನಗೆ ಕೊಡಪ್ಪಾ, ಮನೆಯಲ್ಲಿ ನೋಡ್ತೀನಿ." ಹುಡುಗ ಹಾಳೆಯನ್ನು ಮಡಿಸಿ ಫೈಲಿಗೆ ಹಾಕಿಕೊಂಡ. "ಅದು ಕಂಪನಿ ಕಾಪಿ ಸರ್."

ಹಾಳೆ ಕೊಡುವುದಿಲ್ಲ ಅಂದ ಮೇಲೆ ಅದರಲ್ಲಿ ಬರೆದ ಯಾವ ಮಾತಿಗೂ ಅವರು ಜವಾಬ್ದಾರರಲ್ಲ. ನೀವೂ ಕೇಳಿ ನೋಡಿ. ಹೆಸರು, ತಾರೀಖು, ಸಹಿ ಹಾಕಿ ಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳಿ.

ಆಮೇಲೆ ಮ್ಯಾನೇಜರ್ ಬರುತ್ತಾರೆ, ಬೆಲೆ ಇಳಿಯುತ್ತದೆ. "ಇದು ಇವತ್ತಿಗೆ ಮಾತ್ರ." ಇವತ್ತಿಗೆ ಮಾತ್ರ ಇರುವ ಬೆಲೆ ಎರಡು ವಾರದ ನಂತರವೂ ಇರುತ್ತದೆ, ಇನ್ನೂ ಇಳಿದಿರಲೂಬಹುದು. "ನಾವು ಯಾವುದಕ್ಕೂ ಮೊದಲ ದಿನ ಸಹಿ ಹಾಕಲ್ಲ" ಅಂತ ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡು ಹೋಗಿ. ಇಬ್ಬರೂ ಬರಲೇಬೇಕು ಅಂತ ಅವರು ಹಟ ಹಿಡಿಯುವುದು ಸುಮ್ನೆ ಅಲ್ಲ. 'ಮನೆಯಲ್ಲಿ ಕೇಳಿ ಹೇಳ್ತೀನಿ' ಅನ್ನುವ ನೆಪ ಇರಬಾರದು, ಅಷ್ಟೇ.

ಆ ಫ್ರೀ ವೋಚರ್‌ನ ಹಿಂಬದಿಯನ್ನೂ ಓದಿ. ರೂಮ್ ಫ್ರೀ, ಆದರೆ ತೆರಿಗೆ, ಯುಟಿಲಿಟಿ ಶುಲ್ಕ ನಿಮ್ಮದು ಅಂತಿರುತ್ತದೆ. ಶನಿವಾರ, ಭಾನುವಾರ, ಹಬ್ಬದ ದಿನ ನಡೆಯುವುದಿಲ್ಲ ಅಂತಲೂ ಇರಬಹುದು.

ಆರನೆಯದು: ಒಪ್ಪಂದದಲ್ಲಿ ಎಲ್ಲಿ ಬೆರಳಿಡಬೇಕು

ಒಪ್ಪಂದದ ಖಾಲಿ ಪ್ರತಿಯನ್ನು ಈಮೇಲ್‌ಗೆ ಕಳಿಸಿ ಅಂತ ಕೇಳಿ, ಮನೆಯಲ್ಲಿ ಓದಿ. ಮೊದಲು ಹುಡುಕಬೇಕಾದ್ದು ರದ್ದು ಮಾಡುವ ಅವಧಿ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಬೇರೆ ಕಾನೂನು ಇಲ್ಲ. ಹಾಗಾಗಿ ಮನಸ್ಸು ಬದಲಾಯಿಸಲು ಎಷ್ಟು ದಿನ ಅನ್ನುವುದನ್ನು ಒಪ್ಪಂದವೇ ಹೇಳಬೇಕು. ಕೆಲವು ಕಂಪನಿಗಳು 10 ದಿನ ಕೊಡುತ್ತವೆ. ಯಾವ ದಿನದಿಂದ ಎಣಿಕೆ, ಪೂರ್ತಿ ಹಣ ವಾಪಸ್ಸಾ, ಏನಾದರೂ ಕಡಿತ ಇದೆಯಾ, ನೋಡಿ. ಅವಧಿಯೇ ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ನಂತರ ವಾರ್ಷಿಕ ಶುಲ್ಕದ ಕಲಂ. ಏರಿಕೆಗೆ ಮೇಲಿನ ಮಿತಿ ಇದೆಯಾ, ಇಲ್ಲಾ 'ಕಂಪನಿ ತೀರ್ಮಾನಿಸಿದಂತೆ' ಅಂತಿದೆಯಾ? ಹಲವು ಒಪ್ಪಂದಗಳಲ್ಲಿ ಕಟ್ಟಿದ ಹಣವನ್ನು ಎರಡು ಭಾಗ ಮಾಡಿರುತ್ತಾರೆ. ಒಂದು ಪ್ರವೇಶ ಶುಲ್ಕ, ಅದು ಯಾವ ಕಾರಣಕ್ಕೂ ವಾಪಸ್ ಬರುವುದಿಲ್ಲ. ಉಳಿದ ಭಾಗವನ್ನು ವರ್ಷಗಳಿಗೆ ಹಂಚಿ, ಮಧ್ಯದಲ್ಲಿ ಬಿಟ್ಟರೆ ಬಳಸದ ವರ್ಷಗಳದ್ದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಮೊದಲ ಭಾಗ ದೊಡ್ಡದಿದ್ದಷ್ಟೂ ಹೊರಗೆ ಬರುವುದು ದುಬಾರಿ.

ರಿಸಾರ್ಟ್‌ಗಳ ಪಟ್ಟಿಯಲ್ಲಿ ಸ್ವಂತದವು ಎಷ್ಟು, ಗುತ್ತಿಗೆಗೆ ಪಡೆದವು ಎಷ್ಟು, ಬರೀ ಒಡಂಬಡಿಕೆ ಇರುವ ಹೋಟೆಲ್‌ಗಳು ಎಷ್ಟು ಅಂತ ಕೇಳಿ. ಐದು ವರ್ಷದ ಗುತ್ತಿಗೆಯ ಹೋಟೆಲನ್ನು ತೋರಿಸಿ 25 ವರ್ಷದ ಮೆಂಬರ್‌ಶಿಪ್ ಮಾರುವುದು ಹೊಸದೇನಲ್ಲ. ಕೊನೆಯ ಪುಟಗಳಲ್ಲಿ ಇನ್ನೊಂದು ಸಾಲು ಇರುತ್ತದೆ, 'ಬಾಯಿಮಾತಿನ ಯಾವ ಭರವಸೆಯೂ ಕಂಪನಿಗೆ ಅನ್ವಯಿಸದು' ಅನ್ನುವ ಅರ್ಥದ್ದು. ಅದನ್ನು ಓದಿದ ಮೇಲೆ ಹಾಲ್‌ನ ಹುಡುಗ ಹೇಳಿದ ಜಿಮ್, ಸ್ಪಾ, ಏರ್ ಟಿಕೆಟ್ ಎಲ್ಲವನ್ನೂ ಇನ್ನೊಮ್ಮೆ ಎಣಿಸಿ.

ಏಳನೆಯದು: ಹೊಸದು ಕೊಳ್ಳದೆ ಅದೇ ರಿಸಾರ್ಟ್‌ಗೆ ಹೋಗುವ ದಾರಿ

ಮೆಂಬರ್‌ಶಿಪ್ ಇದ್ದೂ ಹೋಗಲಾಗದವರು ತುಂಬಾ ಜನ ಇದ್ದಾರೆ. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲ ಕೇಳಿ ನೋಡಿ. ಆ ವರ್ಷದ ಶುಲ್ಕ ನೀವು ಕೊಟ್ಟರೆ ಸಾಕು, ನಿಮ್ಮ ಹೆಸರಿಗೆ ಬುಕ್ ಮಾಡಿಕೊಡುವವರು ಸಿಗುತ್ತಾರೆ. ಅತಿಥಿಗಳ ಹೆಸರಿನಲ್ಲಿ ಬುಕಿಂಗ್‌ಗೆ ಕ್ಲಬ್ ಒಪ್ಪುತ್ತದಾ ಅಂತ ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ. ಒಂದೆರಡು ವರ್ಷ ಹೀಗೆ ಹೋಗಿ ಬಂದ ಮೇಲೂ ಕೊಳ್ಳಬೇಕು ಅನ್ನಿಸಿದರೆ ಸೆಕೆಂಡ್‌ಹ್ಯಾಂಡ್ ನೋಡಿ. ಉಳಿದ ವರ್ಷಗಳ ಮೆಂಬರ್‌ಶಿಪ್ಪನ್ನು ಕೊಂಡ ಬೆಲೆಗಿಂತ ಬಹಳ ಕಮ್ಮಿಗೆ ಮಾರುವವರು ಇರುತ್ತಾರೆ. ವರ್ಗಾವಣೆಗೆ ಕ್ಲಬ್‌ನ ಲಿಖಿತ ಒಪ್ಪಿಗೆ, ವರ್ಗಾವಣೆ ಶುಲ್ಕ, ಹಳೆಯ ಬಾಕಿ, ಈ ಮೂರನ್ನೂ ನೋಡಿಕೊಂಡು ಕೊನೆಗೆ ದುಡ್ಡು ಕೊಡಿ.

ಅಮೆರಿಕದಲ್ಲಿರುವ ನಮ್ಮವರಿಗೂ ಇದೇ ಮಾತು. ಒರ್ಲ್ಯಾಂಡೊ, ಲಾಸ್ ವೇಗಸ್‌ನಲ್ಲಿ ಪಾರ್ಕ್ ಟಿಕೆಟ್ಟಿನ ಆಸೆಗೆ ಒಂದೂವರೆ ಗಂಟೆಯ ಪ್ರೆಸೆಂಟೇಷನ್‌ಗೆ ಕೂತವರು ಕಮ್ಮಿಯಿಲ್ಲ. ಅಲ್ಲಿ ರದ್ದು ಮಾಡುವ ಅವಧಿಯನ್ನು ಕಾನೂನೇ ಕೊಟ್ಟಿದೆ. ಫ್ಲಾರಿಡಾದಲ್ಲಿ 10 ದಿನ, ನೆವಾಡಾದಲ್ಲಿ 5 ದಿನ. ಐರೋಪ್ಯ ಒಕ್ಕೂಟದಲ್ಲಿ 14 ದಿನ.

ಎಂಟನೆಯದು: ಈಗಾಗಲೇ ಸಹಿ ಹಾಕಿದ್ದರೆ

ರದ್ದು ಅವಧಿ ಇನ್ನೂ ಮುಗಿದಿಲ್ಲವಾ? ಹಾಗಾದರೆ ಇವತ್ತೇ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. "ನೋಡೋಣ ಸರ್, ಮ್ಯಾನೇಜರ್ ಕಾಲ್ ಮಾಡ್ತಾರೆ" ಅಂತ ಹತ್ತು ದಿನ ಕಳೆಸುವುದು ಹಳೆಯ ಉಪಾಯ. ಮೆಂಬರ್‌ಶಿಪ್ ನಂಬರ್, ಸಹಿ ಹಾಕಿದ ತಾರೀಖು, ಕಟ್ಟಿದ ಮೊತ್ತ, 'ರದ್ದು ಮಾಡುತ್ತಿದ್ದೇನೆ, ಹಣ ವಾಪಸ್ ಕೊಡಿ' ಅನ್ನುವ ನೇರ ವಾಕ್ಯ. ಇಷ್ಟು ಸಾಕು. ಈಮೇಲ್ ಕಳಿಸಿ, ಅದೇ ಪತ್ರವನ್ನು ಒಪ್ಪಂದದಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸಾಲ ಮಾಡಿದ್ದರೆ ಸಾಲ ಕೊಟ್ಟ ಕಂಪನಿಗೂ ಒಂದು ಪ್ರತಿ ಹೋಗಲಿ.

ಅವಧಿ ಮುಗಿದಿದ್ದರೆ ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಕ್ಲಬ್ ಬೇರೆ, ಸಾಲ ಕೊಟ್ಟವರು ಬೇರೆ. ಕಂತು ತಪ್ಪಿದರೆ ಹೊಡೆತ ಬೀಳುವುದು ನಿಮ್ಮ ಸಿಬಿಲ್ ಸ್ಕೋರಿಗೆ. ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದು ಅದು ಬೌನ್ಸ್ ಆದರೆ ಸೆಕ್ಷನ್ 138ರ ಕೇಸಿನ ಕಾಟ ಬೇರೆ.

ಹೊರಗೆ ಬರಲು ಒದ್ದಾಡುತ್ತಿರುವಾಗಲೇ ಇನ್ನೊಂದು ಫೋನ್ ಬರುತ್ತದೆ. "ನಿಮ್ಮ ಮೆಂಬರ್‌ಶಿಪ್‌ಗೆ ಪಾರ್ಟಿ ಸಿಕ್ಕಿದ್ದಾರೆ, ಒಳ್ಳೆ ರೇಟು. ಪ್ರೋಸೆಸಿಂಗ್ ಫೀ, ಜಿಎಸ್‌ಟಿ ಮುಂಗಡ ಕಟ್ಟಿದರೆ ಎರಡು ದಿನದಲ್ಲಿ ದುಡ್ಡು ಅಕೌಂಟಿಗೆ." ಒಂದು ರೂಪಾಯಿಯನ್ನೂ ಕೊಡಬೇಡಿ. ಮಾರಿಕೊಡುವವರು ತಮ್ಮ ಕಮಿಷನ್ನನ್ನು ಮಾರಾಟದ ಹಣದಲ್ಲಿ ಹಿಡಿದುಕೊಳ್ಳಲಿ. ಅದಕ್ಕೆ ಒಪ್ಪದವರಿಗೆ ಪಾರ್ಟಿಯೇ ಇರುವುದಿಲ್ಲ.

ಮಾತು ಕೊಟ್ಟದ್ದು ಸಿಗದಿದ್ದರೆ, ರೂಮ್ ಕೊಡದೆ ಸತಾಯಿಸಿದರೆ ದೂರು ಕೊಡುವ ಜಾಗ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. 5 ಲಕ್ಷದವರೆಗೆ ಶುಲ್ಕ ಇಲ್ಲ, ಅದರ ಮೇಲೆ 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ.

'ವ್ಯಾಜ್ಯಗಳೆಲ್ಲ ಮುಂಬೈ ನ್ಯಾಯಾಲಯದಲ್ಲಿ' ಅಂತಲೋ, 'ಮಧ್ಯಸ್ಥಿಕೆಯಲ್ಲೇ ಬಗೆಹರಿಯಬೇಕು' ಅಂತಲೋ ಒಪ್ಪಂದದಲ್ಲಿ ಬರೆದಿರುತ್ತಾರೆ, ಅದನ್ನು ನೋಡಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ಮಧ್ಯಸ್ಥಿಕೆಯ ಕಲಂ ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಅನ್ನುವ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ಹೋಗಬೇಕು. ಆನ್‌ಲೈನ್‌ನಲ್ಲಿ ಇ-ಜಾಗೃತಿ ಜಾಲತಾಣದಲ್ಲೂ ಹಾಕಬಹುದು.

ದೂರಿನ ಜೊತೆ ಒಪ್ಪಂದ, ಹಣ ಕಟ್ಟಿದ ರಸೀದಿಗಳು, ವಾರ್ಷಿಕ ಶುಲ್ಕದ ಬಿಲ್ಲುಗಳು ಇರಲಿ. ರೂಮ್ ಕೇಳಿದಾಗಲೆಲ್ಲ 'ಲಭ್ಯವಿಲ್ಲ' ಅಂತ ಬಂದ ಪರದೆಯ ಸ್ಕ್ರೀನ್‌ಶಾಟ್‌ಗಳನ್ನು ತಾರೀಖು ಕಾಣುವ ಹಾಗೆ ತೆಗೆದು ಪ್ರಿಂಟ್ ಹಾಕಿಸಿ. ಬರೀ 'ನನಗೆ ಯಾವತ್ತೂ ರೂಮ್ ಕೊಡಲಿಲ್ಲ' ಅನ್ನುವ ಮಾತಿಗಿಂತ ಇಂಥ ನಾಲ್ಕು ಹಾಳೆಗಳಿಗೆ ಆಯೋಗದಲ್ಲಿ ತೂಕ ಜಾಸ್ತಿ.